ಗುಂಡು ಅಡ್ಡ ಬಿದ್ದದ್ದಕ್ಕೆ

ನೂರು ಮೀಟರು ಆಚೆಯ ಕಾಗದದಲ್ಲಿ
ದುಂಡಗಿರಬೇಕಾದ ತೂತು
ಬೀಗದ ಕಿಂಡಿಯ ಹಾಗೆ ಉದ್ದ.
ಒಂದಲ್ಲ, ಐದು.
ಐದು ಬೀಗ, ಒಂದಕ್ಕೂ ಕೀಲಿಯಿಲ್ಲ.
ಕಣ್ಣಿಟ್ಟು ನೋಡಿದೆ:
ವಾಲ್ದ್ರೆಸ್ ಕಣಿವೆಯ ಬೂದು ಹಾವಸೆ, ಒಂದು ಬರ್ಚ್ ಮರ,
ಕರಗಲು ಮನಸ್ಸಿಲ್ಲದ ಏಪ್ರಿಲ್ ಹಿಮ.

ಗುಂಡು ಬುಗುರಿಯಂತೆ ತಿರುಗುತ್ತ
ಮೂಗು ಮುಂದಾಗಿ ಹೊರಡಬೇಕು.
ನನ್ನದು ಹೊರಟದ್ದು
ಮದುವೆ ಮನೆಯಲ್ಲಿ ಕುಡಿದವನು ಬಾಗಿಲು ದಾಟುವಂತೆ,
ಭುಜ ಮುಂದಾಗಿ.

ಕೋವಿ ಸೋದರಮಾವ ಓಸ್ಮುಂಡನದು.
ಅವನಿಗೂ ಮೊದಲು ಯಾವನೋ ಸಿಪಾಯಿಯದು;
ಹಿಡಿಕೆಯಲ್ಲಿ ಕೆತ್ತಿದ ಅವನ ನಂಬರನ್ನು
ಈಗ ಹೆಬ್ಬೆರಳು ಮಾತ್ರ ಓದಬಲ್ಲದು.
ಇದರ ತೋಟಾ ಯಾವ ಅಂಗಡಿಯಲ್ಲೂ ಇಲ್ಲ,
ಬೇಕಾದವರು ತಾವೇ ಕಟ್ಟಿಕೊಳ್ಳಬೇಕು.
ಸುಟ್ಟ ಹಿತ್ತಾಳೆ ಚಿಪ್ಪು ತೊಳೆದು, ಬಾಯಿ ತಿದ್ದಿ,
ಅಪ್ಪನ ಟ್ರೌಟ್ ಬಲೆಯ ಅಂಚಿಂದ ಬಿಚ್ಚಿದ ಸೀಸ
ಕರಗಿಸಿ ಎರೆದೆ.
ಎಪ್ಪತ್ತು ವರ್ಷ ಕೆಳಗಿಳಿಯುವುದನ್ನಷ್ಟೇ ಕಲಿತ ಸೀಸ.
ಹಾರು ಎಂದರೆ ಎಲ್ಲಿಂದ ಹಾರೀತು
ಎಂದು ನಕ್ಕಳು ಪಕ್ಕದ ಮನೆಯ ಗುನ್‌ವೋರ್.

ಚಿಪ್ಪಿನ ಹೊರಮೈಯೆಲ್ಲ ಮಸಿ.
ನಳಿಗೆಯೊಳಗೆ ಬೆಳ್ಳಿಯಂತೆ ಮೆತ್ತಿದ ಸೀಸ.
ರೋಗ ತಿಳಿಯದೆ ಮದ್ದು ಹೆಚ್ಚಿಸಬಾರದು,
ಈ ವಯಸ್ಸಿನ ಕಬ್ಬಿಣಕ್ಕಂತೂ ಬಾರದು.
ಅಷ್ಟು ನನಗೂ ಗೊತ್ತಿತ್ತು.

ಒಂದು ಸಲಕ್ಕೆ ಒಂದೇ ಬದಲಿಸು:
ಸಾಮಿಲ್ಲಿನ ಮೋಟಾರು ಬಿಚ್ಚುವಾಗ
ಮಾವ ಹೇಳುತ್ತಿದ್ದದ್ದು ಇಷ್ಟೇ, ಬೇರೇನೂ ಹೇಳಿದವನಲ್ಲ.
ಮೊದಲ ಶನಿವಾರ ಮೇಣ ಬದಲಿಸಿದೆ. ಅಡ್ಡ.
ಎರಡನೆಯದು, ಬತ್ತಿ. ಅಡ್ಡ.
ಮೂರನೆಯ ಶನಿವಾರ ಸಿಟ್ಟು ಬಂದು
ಮೂರು ಸಂಗತಿ ಒಟ್ಟಿಗೆ ಬದಲಿಸಿದೆ,
ಒಂದು ಗುಂಡು ನೆಟ್ಟಗೆ ಹೋಯಿತು!
ಯಾಕೆ ಹೋಯಿತೋ ದೇವರಿಗೂ ಗೊತ್ತಿಲ್ಲ.
ದಫ್ತರದಲ್ಲಿ ಆ ಪುಟ ಖಾಲಿ ಬಿಟ್ಟಿದ್ದೇನೆ,
ನಾಚಿಕೆಗೆ ಅಂಕಿ ಇರುವುದಿಲ್ಲ.

ಗುನ್‌ವೋರ್ ಕಾಫಿ ಕುಡಿಯುತ್ತ ಕೇಳಿದಳು,
ಅವಳು ಮೂವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿದ್ದವಳು:
'ಗುಂಡಿನ ಅಳತೆ ತೆಗೆದೆ ಸರಿ,
ಪಾದದ್ದು ತೆಗೆದೆಯಾ?'

ಮೆದು ಸೀಸದ ತುಂಡಿಗೆ ಎಣ್ಣೆ ಸವರಿ
ಖಾಲಿ ನಳಿಗೆಯಲ್ಲಿಟ್ಟು
ಮರದ ಕೋಲಿಂದ ತಟ್ಟಿದೆ, ತಟ್ಟಿದೆ.
ಇನ್ನೊಂದು ತುದಿಯಲ್ಲಿ ಅದು ಅಂಗೈಗೆ ಬಿತ್ತು,
ಮೈತುಂಬ ಸುತ್ತುಗೆರೆ ಹೊತ್ತು,
ಈಗಷ್ಟೇ ಹುಟ್ಟಿದ್ದರ ಬಿಸುಪಿನಲ್ಲಿ.
ಮೈಕ್ರೋಮೀಟರಿನ ತಿರುಪು ಬಿಗಿದೆ.
ಪುಸ್ತಕ ಹೇಳಿದ್ದಕ್ಕಿಂತ ಅಗಲ,
ಮೂರು ಕೂದಲೆಳೆಯಷ್ಟು.
ಪುಸ್ತಕ ಬರೆದವನು ಈ ಕೋವಿಯನ್ನು ಕಂಡಿರಲಿಲ್ಲ.
ನನ್ನ ಗುಂಡುಗಳು ಸುತ್ತುಗೆರೆಯನ್ನು ಹಿಡಿಯದೆ
ಜಾರಿ ಹೋಗಿದ್ದವು, ದೊಡ್ಡ ಬೂಟಿನಲ್ಲಿ
ಚಿಕ್ಕ ಕಾಲಿನಂತೆ.

ಆಗ ನೆನಪಾಯಿತು.
ಮಾವನ ಮೇಜಿನ ಕೆಳಖಾನೆಯಲ್ಲಿ ಒಂದು ಅಚ್ಚು ಇತ್ತು.
ಅಳೆದು ನೋಡಿ, ಅಳತೆ ತಪ್ಪು ಎಂದು
ಹಳೇ ಮೊಳೆಗಳ ಡಬ್ಬಿಗೆ ಹಾಕಿದ್ದೆ.
ಒಳಮೈ ಉಜ್ಜಿ ಉಜ್ಜಿ ಅಗಲಿಸಿದ ಗುರುತು,
ಹಿಡಿಗೆ ಸುತ್ತಿದ ಎಲ್ಕ್ ತೊಗಲು,
ಅದರ ಮೇಲೆ ಪೆನ್ಸಿಲಿನಲ್ಲಿ
ಒಂದೇ ಪದ: 'ಇವಳಿಗೆ.'

ಯಾರಿಗೆ? ಕೋವಿಗೋ, ನನಗೋ.
ಅವನು ಕೋವಿಯನ್ನು ಇವಳು ಅನ್ನುತ್ತಿದ್ದ.
ನನ್ನನ್ನೂ ಹಾಗೆಯೇ, ಹೆಸರು ಹಿಡಿದು ಕರೆದವನಲ್ಲ.

ಹಳೇ ಅಚ್ಚಿಗೆ ಅದೇ ಸೀಸ ಎರೆದೆ.
ಚಿಪ್ಪಿನ ಬಾಯಿ ಚೂರು ಅಗಲಿಸಬೇಕಾಯಿತು.
ಮದ್ದು ಮೊದಲಿನಷ್ಟೇ, ಒಂದು ಕಾಳೂ ಹೆಚ್ಚಿಲ್ಲ.
ಕುದುರೆ ಎಳೆದೆ.
ಬಿಳಿ ಹೊಗೆ ನಿಧಾನ ಬರ್ಚ್ ಮರದ ಕಡೆಗೆ
ನಡೆದು ಹೋಯಿತು.

ತೂತು ದುಂಡಗೆ.
ಹತ್ತರಲ್ಲಿ ಒಂಬತ್ತು ದುಂಡಗೆ, ಹತ್ತಿರ ಹತ್ತಿರ.
ಹತ್ತನೆಯದು ಎಡಕ್ಕೆ, ಕೆಳಕ್ಕೆ,
ಪ್ರತಿ ಸಲವೂ ಅಲ್ಲಿಗೇ.
ಮೇಣವಲ್ಲ, ಬತ್ತಿಯಲ್ಲ, ಸೀಸವೂ ಅಲ್ಲ.
ಈ ವಾರ ಒಂದನ್ನೇ ಬದಲಿಸುತ್ತೇನೆ.
ಕನ್ನಡಕದಿಂದ ಶುರು.